ಬಾವಿಗಿಳಿದ ಕಾಲು

1960ರ ದಶಕದ ಒಂದು ಬೇಸಗೆ. ರಾಯಚೂರು ಜಿಲ್ಲೆಯ ನಮ್ಮ ಹಳ್ಳಿಯಲ್ಲಿ ನನ್ನ ಸೋದರಮಾವ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. ಅವರ ಕಣಕಾಲಿನ ಹುಣ್ಣಿನಿಂದ ಬಿಳಿಯ ದಾರದಂಥದೇನೋ ಇಣುಕುತ್ತಿತ್ತು; ಅದರ ತುದಿಯನ್ನು ಬೆಂಕಿಕಡ್ಡಿಯೊಂದಕ್ಕೆ ಸುತ್ತಿದ್ದರು. ಕುತೂಹಲದಿಂದ ಕೈ ಚಾಚಿದ ನನ್ನನ್ನು ಮಾವ ತಡೆದರು: “ಮುಟ್ಟಬ್ಯಾಡ ತಮ್ಮಾ, ಹರಿದರ ಕಾಲು ಹೋದೀತು.”

ಅದು ದಾರವಲ್ಲ, ಜೀವಂತ ಹುಳು. ನಮ್ಮ ಸೀಮೆಯಲ್ಲಿ ಈ ರೋಗಕ್ಕೆ ನಾರುಹುಣ್ಣು ಎಂದು ಹೆಸರು. ಸಂಜೆ ಉರಿ ತಾಳಲಾರದೆ ಮಾವ ಊರ ಮೆಟ್ಟಿಲುಬಾವಿಗೆ ಹೋಗಿ, ಕೊನೆಯ ಪಾವಟಿಗೆಯ ಮೇಲೆ ಕುಳಿತು, ಕಾಲನ್ನು ನೀರಿಗೆ ಇಳಿಬಿಟ್ಟರು. ಉರಿ ತಣಿಯಿತು. ಅದೇ ಬಾವಿಯ ನೀರನ್ನು ನಾವೆಲ್ಲರೂ ಕುಡಿಯುತ್ತಿದ್ದೆವು. ಮರುವರ್ಷ ಅದೇ ಹೊತ್ತಿಗೆ ನನ್ನ ಅಕ್ಕನ ಮೊಣಕಾಲಿನ ಬಳಿ ಬೊಕ್ಕೆ ಎದ್ದಿತು.

ಈ ಎರಡು ಬೇಸಗೆಗಳ ನಡುವಿನ ಸಂಬಂಧ ನನಗೆ ತಿಳಿದದ್ದು ಬಹುಕಾಲದ ಮೇಲೆ, ಪುಸ್ತಕಗಳಿಂದ. ಬೊಕ್ಕೆ ಒಡೆದ ಕಾಲು ನೀರನ್ನು ಮುಟ್ಟಿದೊಡನೆ ಒಳಗಿನ ಹೆಣ್ಣುಹುಳು ಲಕ್ಷಾಂತರ ಮರಿಗಳನ್ನು ಹೊರಗೆ ಚೆಲ್ಲುತ್ತದೆ. ಆ ಮರಿಗಳನ್ನು ಸೈಕ್ಲಾಪ್ಸ್ ಎಂಬ, ಒಂದೆರಡು ಮಿಲಿಮೀಟರಿಗೆ ಮೀರದ ಜಲಜೀವಿ ನುಂಗುತ್ತದೆ. ಸುಮಾರು ಎರಡು ವಾರಗಳಲ್ಲಿ ಮರಿಗಳು ಅದರೊಳಗೇ ಬೆಳೆದು, ಮನುಷ್ಯನನ್ನು ಬಾಧಿಸಲು ಸಮರ್ಥವಾಗುತ್ತವೆ. ನೀರಿನೊಡನೆ ಸೈಕ್ಲಾಪ್ಸ್ ನಮ್ಮ ಹೊಟ್ಟೆ ಸೇರಿದಾಗ ಜಠರರಸ ಅದನ್ನು ಕೊಲ್ಲುತ್ತದೆ. ಮರಿಗಳು ಮಾತ್ರ ಉಳಿದು ಕರುಳಿನ ಗೋಡೆಯನ್ನು ಭೇದಿಸಿ ಹೊರಡುತ್ತವೆ. ಒಂದು ವರ್ಷದವರೆಗೆ ರೋಗಿಗೆ ಏನೂ ತಿಳಿಯದು. ಆ ಬಳಿಕ ಒಂದು ಮೀಟರಿನವರೆಗೂ ಬೆಳೆದ ಹೆಣ್ಣುಹುಳು ಚರ್ಮವನ್ನು ಸೀಳಿ ಹೊರಬರುತ್ತದೆ. ದಿನಕ್ಕೆ ಕೆಲವೇ ಸೆಂಟಿಮೀಟರಿನಂತೆ ಅದನ್ನು ಕಡ್ಡಿಗೆ ಸುತ್ತಿ ತೆಗೆಯಬೇಕು. ನಡುವೆ ತುಂಡಾದರೆ ಕಾಲು ಬಾತು ಕೀವಾಗುತ್ತದೆ. ಕೀಲು ಕೆಡುವುದೂ ಉಂಟು.

ನೀರಿನ ಸಣ್ಣ ಜೀವಿಗೂ ಈ ರೋಗಕ್ಕೂ ಇರುವ ನಂಟನ್ನು ರಷ್ಯದ ವಿಜ್ಞಾನಿ ಫೆದ್ಚೆಂಕೊ 1870ರ ಸುಮಾರಿಗೆ ಕಂಡುಹಿಡಿದನು. ಆದರೂ ಇದಕ್ಕೆ ಲಸಿಕೆ ಹುಟ್ಟಲಿಲ್ಲ, ಹುಳುವನ್ನು ಕೊಲ್ಲುವ ಔಷಧಿಯೂ ಹುಟ್ಟಲಿಲ್ಲ. ಒಮ್ಮೆ ಬಂದು ಹೋದವನಿಗೆ ಮತ್ತೆ ಬಾರದೆಂಬ ಭರವಸೆಯೂ ಇರಲಿಲ್ಲ. ಹಾಗಿದ್ದರೂ ರೋಗ ನಮ್ಮ ದೇಶದಿಂದ ತೊಲಗಿತು. 1984ರಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಕಾರ್ಯಕರ್ತರು ಮನೆಮನೆ ತಿರುಗಿ ರೋಗಿಗಳನ್ನು ಹುಡುಕಿದರು. ಇಳಿಯುವ ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಲಾಯಿತು. ಕೈಪಂಪುಗಳು ಬಂದವು, ಸೈಕ್ಲಾಪ್ಸನ್ನು ಕೊಲ್ಲುವ ಟೆಮಿಫಾಸ್ ಎಂಬ ಮದ್ದನ್ನು ನೀರಿಗೆ ಬೆರೆಸಲಾಯಿತು. ಎಲ್ಲಕ್ಕಿಂತ ಮಿಗಿಲಾಗಿ, ನೀರನ್ನು ಒತ್ತಾಗಿ ನೇಯ್ದ ಬಟ್ಟೆಯಲ್ಲಿ ಸೋಸಿ ಕುಡಿಯಲು ಜನ ಕಲಿತರು. ಭಾರತದ ಕೊನೆಯ ರೋಗಿ ಕಂಡದ್ದು 1996ರಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ಈ ರೋಗದಿಂದ ಮುಕ್ತವೆಂದು ಸಾರಿತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷವಿದ್ದ ರೋಗಿಗಳ ಸಂಖ್ಯೆ 2023ರಲ್ಲಿ 14ಕ್ಕೆ ಇಳಿದಿತ್ತು. ಆಫ್ರಿಕದ ಚಾಡ್ ದೇಶದಲ್ಲಿ ನಾಯಿಗಳಿಗೂ ಈ ಹುಳು ತಗುಲುತ್ತಿರುವುದರಿಂದ ಕೊನೆಯ ಹೆಜ್ಜೆ ಕಷ್ಟವಾಗಿದೆ.

ಒಂದು ಬಟ್ಟೆಯ ತುಂಡು ಇಷ್ಟನ್ನು ಸಾಧಿಸಿತೆಂದ ಮಾತ್ರಕ್ಕೆ ಬಟ್ಟೆಯೊಂದೇ ಸಾಕೆಂದು ತಿಳಿಯಬಾರದು. ಸೈಕ್ಲಾಪ್ಸ್ ಬರಿಗಣ್ಣಿಗೆ ಚುಕ್ಕೆಯಂತೆ ಕಾಣುವಷ್ಟು ದೊಡ್ಡದಾದ್ದರಿಂದ ಬಟ್ಟೆಯಲ್ಲಿ ಸಿಕ್ಕಿಬೀಳುತ್ತದೆ. ಆಮಶಂಕೆಯನ್ನು ತರುವ ಅಮೀಬಾ, ಭೇದಿಯನ್ನು ತರುವ ಜಿಯಾರ್ಡಿಯಾ ಇವುಗಳ ಕೋಶಗಳು ಬಹು ಸೂಕ್ಷ್ಮ. ಅವು ಬಟ್ಟೆಯನ್ನು ದಾಟುತ್ತವೆ. ಗಟ್ಟಿಯಾದ ಹೊದಿಕೆಯಿರುವುದರಿಂದ ನಲ್ಲಿನೀರಿಗೆ ಬೆರೆಸುವ ಕ್ಲೋರಿನ್ನಿಗೂ ಸುಲಭವಾಗಿ ಮಣಿಯವು. ಮಲದಿಂದ ಹೊರಟ ಈ ಕೋಶಗಳು ಚರಂಡಿಯ ಪಕ್ಕದಲ್ಲಿ ಒಡೆದ ಕೊಳವೆಯಿಂದಲೂ ತೊಳೆಯದ ಕೈಯಿಂದಲೂ ನಮ್ಮ ನೀರನ್ನು ಸೇರುತ್ತವೆ. ಅವುಗಳಿಗೆ ಬೆಂಕಿಯೇ ಮದ್ದು. ನೀರು ಕೊತಕೊತನೆ ಕುದಿ ಬಂದ ಮೇಲೆ ಒಂದು ನಿಮಿಷ ಹಾಗೆಯೇ ಬಿಡಬೇಕು. ಆರಿದ ನೀರನ್ನು ಮುಚ್ಚಿಡಬೇಕು. ಲೋಟವನ್ನು ಕೈಯೊಡನೆ ಅದ್ದದೆ, ಉದ್ದ ಹಿಡಿಯ ಸೌಟಿನಿಂದ ತೆಗೆಯಬೇಕು. ಕುದಿಸಿದ ನೀರಿನಲ್ಲಿ ಕೈ ಅದ್ದುವುದಕ್ಕೂ ಅಂದು ಬಾವಿಯಲ್ಲಿ ಕಾಲು ಇಳಿಬಿಟ್ಟದ್ದಕ್ಕೂ ಹೆಚ್ಚಿನ ಅಂತರವಿಲ್ಲ.

ಅಕ್ಕನ ರೋಗ ಮಾವನಿಂದಲೇ ಬಂದಿತೆಂದು ನಾನು ಹೇಳಲಾರೆ. ಆ ಬೇಸಗೆ ಬಾವಿಗೆ ಕಾಲಿಟ್ಟವರು ಹಲವರು. ಅವರಲ್ಲಿ ಯಾರೂ ಕೆಡುಕು ಬಗೆದವರಲ್ಲ. ತಮ್ಮ ನೋವನ್ನು ತಣಿಸಿಕೊಳ್ಳಲು ಹೋದವರು. ತಿಳಿಯದೆ ಆದ ತಪ್ಪಿಗೆ ಕ್ಷಮೆಯುಂಟು. ಆದರೆ ತಿಳಿದಿರುವ ನಮಗೆ ಆ ನೆಪವಿಲ್ಲ.

ಅಕ್ಕ ಈಗಲೂ ಬಲಗಾಲನ್ನು ಎಳೆದು ನಡೆಯುತ್ತಾಳೆ. ಮನೆಗೆ ನಲ್ಲಿ ಬಂದು ಎಷ್ಟೋ ವರ್ಷಗಳಾದರೂ ಅದರ ಬಾಯಿಗೆ ಬಟ್ಟೆ ಕಟ್ಟುವುದನ್ನು ಬಿಟ್ಟಿಲ್ಲ. “ಬಟ್ಟೆಯೊಂದೇ ಸಾಲದು, ಕುದಿಸಬೇಕು” ಎಂದು ನಾನು ಹೇಳಿದ ಮೇಲೆ, ಈಗ ಸೋಸಿದ ನೀರನ್ನೇ ಕುದಿಸಿಯೂ ಇಡುತ್ತಾಳೆ.

(ಬಾನುಲಿ ಭಾಷಣ)