ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಂದುವ ಚಕ್ರ ಮತ್ತು ಟೈರು

ಸ್ಪೋರ್ಟ್ಸ್ ಕಾರಿನ ಟೈರಿನ ಅಳತೆಯನ್ನು ತಯಾರಕರು ಅದರ ತೂಕ, ಸಸ್ಪೆನ್ಷನ್, ಗೇರು, ಬ್ರೇಕುಗಳ ಜೊತೆಗೇ ಲೆಕ್ಕಹಾಕಿ ಗೊತ್ತುಮಾಡಿರುತ್ತಾರಾದ್ದರಿಂದ, ವರ್ಷಗಳು ಕಳೆದು ಆ ಅಳತೆ ಅಂಗಡಿಗಳಲ್ಲಿ ಸಿಗದೆ ಹೋದಾಗ ಮಾಲೀಕರು ಮೊದಲು ಅರಿಯಬೇಕಾದದ್ದು ಮೂಲ ಲೆಕ್ಕವನ್ನೇ. ಕಳೆದ ಶತಮಾನದ ಕೊನೆಗೆ ಭಾರತದಲ್ಲೇ ತಯಾರಾದ, 1149 ಸಿಸಿಯ ರೆನೋ ಎಂಜಿನ್ನಿನ ಎರಡು ಸೀಟಿನ ಸ್ಯಾನ್ ಸ್ಟಾರ್ಮ್‌ನಂತಹ ಕಾರುಗಳ ವಿಷಯದಲ್ಲಿ ಕೇಳಿ ತಿಳಿಯಲು ಶೋರೂಮೂ ಇಲ್ಲವಾದುದರಿಂದ, ಈ ಅರಿವು ಇನ್ನಷ್ಟು ಅಗತ್ಯ.

ಪ್ರೀಮಿಯರ್ ಪದ್ಮಿನಿಯ ಕಾಲದಲ್ಲಿ ಟೈರಿನ ಮೇಲೆ 5.20-14 ಎಂದಷ್ಟೇ ಇರುತ್ತಿತ್ತು. ಮೊದಲನೆಯದು ಇಂಚಿನಲ್ಲಿ ಟೈರಿನ ಅಗಲ, ಎರಡನೆಯದು ಟೈರು ಕೂರುವ ರಿಮ್ಮಿನ ವ್ಯಾಸ. ಈಗಿನ ಬರಹ ಹೆಚ್ಚು ಹೇಳುತ್ತದೆ. 1989ರಲ್ಲಿ ಬಂದ ಮಾಜ್ಡಾ ಎಂಎಕ್ಸ್-5ರ ಮೂಲ ಅಳತೆ 185/60 ಆರ್14 ಎಂದರೆ, ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ. 60, ಒಳನೂಲುಗಳು ಅಡ್ಡಡ್ಡಲಾಗಿ ಸಾಗುವ ರೇಡಿಯಲ್ ರಚನೆ, 14 ಇಂಚಿನ ರಿಮ್. ಗೋಡೆಯ ಎತ್ತರ 111 ಮಿ.ಮೀ. ಆಗುವುದರಿಂದ, ಅದರ ಇಮ್ಮಡಿಗೆ ರಿಮ್ಮಿನ 355.6 ಮಿ.ಮೀ. ಕೂಡಿಸಿದರೆ ಟೈರಿನ ಒಟ್ಟು ವ್ಯಾಸ 577.6 ಮಿ.ಮೀ. ಎಂದು ಸಿಗುತ್ತದೆ. ಬದಲಿಗೆ 195/50 ಆರ್15 ಹಾಕಿದರೆ ವ್ಯಾಸ 576 ಮಿ.ಮೀ. ಆಗಿ, ಮೂಲಕ್ಕೂ ಇದಕ್ಕೂ ಅಂತರವೇ ಇಲ್ಲವೆನ್ನಬಹುದು. 205/45 ಆರ್16 ಹಾಕಿದರೆ ವ್ಯಾಸ ಸುಮಾರು 591 ಮಿ.ಮೀ.ಗೆ ಏರಿ, ಗೇರು ತುಸು ಭಾರವಾಗುವುದಲ್ಲದೆ, ಸ್ಪೀಡೋಮೀಟರಿನ ಮುಳ್ಳು ನಿಜವಾದ ವೇಗಕ್ಕಿಂತ ಶೇ. 2ಕ್ಕೂ ಮಿಕ್ಕಿ ಹಿಂದುಳಿಯುತ್ತದೆ.

ವ್ಯಾಸ ಹೊಂದಿದ ಮಾತ್ರಕ್ಕೆ ಆಯ್ಕೆ ಸರಿಯಾಯಿತೆಂದು ತಿಳಿಯಬಾರದು. ರಿಮ್ ದೊಡ್ಡದಾದಷ್ಟೂ ಗೋಡೆ ಗಿಡ್ಡವಾಗುತ್ತದೆ. ಗಾಳಿ ತುಂಬಿದ ಆ ಗೋಡೆಯೇ ಕಾರಿನ ಮೊದಲ ಸ್ಪ್ರಿಂಗ್. ಬೆಂಗಳೂರಿನ ಕತ್ರಿಗುಪ್ಪೆ ಮುಖ್ಯರಸ್ತೆಯಿಂದ ಹೊರವರ್ತುಲ ರಸ್ತೆ ಸೇರುವಷ್ಟರಲ್ಲಿ ಎದುರಾಗುವ ಹಂಪು, ಪೈಪಿಗಾಗಿ ಅಗೆದು ಮುಚ್ಚಿದ ಪಟ್ಟಿ, ಡಾಂಬರಿಗಿಂತ ತಗ್ಗಿದ ಮ್ಯಾನ್‌ಹೋಲ್ ಮುಚ್ಚಳದ ಅಂಚು, ಇವುಗಳ ಪೆಟ್ಟನ್ನು ಗಿಡ್ಡ ಗೋಡೆ ನುಂಗಲಾರದೆ ರಿಮ್ಮಿಗೆ ದಾಟಿಸುವುದರಿಂದ, ರಿಮ್ಮಿನ ಅಂಚು ಬಾಗುತ್ತದೆ, ಒಳನೂಲು ಹರಿದು ಗೋಡೆಯಲ್ಲಿ ಗುಬುಟು ಏಳುತ್ತದೆ, ಬುಷ್ ಮತ್ತು ಬಾಲ್ ಜಾಯಿಂಟುಗಳು ಬೇಗ ಸವೆಯುತ್ತವೆ. ಅಗಲದ ವ್ಯಾಮೋಹಕ್ಕೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಹಗುರ ಕಾರಿಗೆ ತೀರ ಅಗಲದ ಟೈರು ಹಾಕಿದರೆ ನೆಲದ ಮೇಲಿನ ಒತ್ತಡ ಹಂಚಿಹೋಗಿ, ಮಳೆನೀರು ನಿಂತ ರಸ್ತೆಯಲ್ಲಿ ಅದು ನೀರನ್ನು ಸೀಳದೆ ಅದರ ಮೇಲೆಯೇ ತೇಲುತ್ತದೆ. ಆದಕಾರಣ ಬೆಂಗಳೂರಿನಲ್ಲಿ ನಿತ್ಯ ಓಡುವ ಹಳೆಯ ಕಾರಿಗೆ ಮೂಲ ಅಳತೆಯೇ ಲೇಸು, ಅದು ಸಿಗದಿದ್ದರೆ ರಿಮ್ಮಿನಲ್ಲಿ ಒಂದಿಂಚಿನ ಏರಿಕೆಯೇ ಮಿತಿ.

ರಿಮ್ಮಿನ ಆಯ್ಕೆಯಲ್ಲಿ ಪಿಸಿಡಿ, ಅಂದರೆ ಬೋಲ್ಟ್ ತೂತುಗಳ ನಡುಗಳನ್ನು ಹಾಯುವ ವೃತ್ತದ ವ್ಯಾಸ, ಕಿಂಚಿತ್ತೂ ವ್ಯತ್ಯಾಸವಾಗುವಂತಿಲ್ಲ. ನಾಲ್ಕು ತೂತಿನ ಚಕ್ರದಲ್ಲಿ ಎದುರುಬದುರಿನ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದರೆ ಇದು ತಿಳಿಯುತ್ತದೆ. 100 ಮಿ.ಮೀ. ಪಿಸಿಡಿಯ ಹಬ್ಬಿಗೆ (ಚಕ್ರವನ್ನು ಬಿಗಿಯುವ ನಡುಭಾಗಕ್ಕೆ) 98 ಮಿ.ಮೀ.ನ ರಿಮ್ಮನ್ನು ಒತ್ತಾಯದಿಂದ ಬಿಗಿಯುವುದು ಅಪಾಯಕ್ಕೆ ಆಹ್ವಾನ. ಆಫ್‌ಸೆಟ್ ಎಂಬುದು ರಿಮ್ಮಿನ ನಡುಗೆರೆಗೂ ಹಬ್ಬಿಗೆ ಒರಗುವ ಮುಖಕ್ಕೂ ಇರುವ ದೂರ. ಇದು ಕಡಿಮೆಯಾದರೆ ಚಕ್ರ ಹೊರಚಾಚಿ, ಬೇರಿಂಗಿನ ಮೇಲಿನ ಹೊರೆ ಹೆಚ್ಚಿ, ಗುಂಡಿ ಬಂದಾಗಲೆಲ್ಲ ಸ್ಟೀರಿಂಗ್ ಕೈಯಲ್ಲಿ ಎಳೆದಾಡುತ್ತದೆ.

ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದೆಂಬ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಎತ್ತಿಹಿಡಿದಿರುವುದರಿಂದ, ಅದೇ ಮಾದರಿಗೆ ತಯಾರಕರೇ ಸೂಚಿಸಿದ ಅಳತೆಗಳೊಳಗೆ ಉಳಿಯುವುದು ಕ್ಷೇಮ. ಅಪರೂಪದ ಅಳತೆಯ ಟೈರು ಗೋದಾಮಿನಲ್ಲಿ ವರ್ಷಗಟ್ಟಲೆ ಕೂತಿರಬಹುದಾದ್ದರಿಂದ, ಹಣ ಕೊಡುವ ಮುನ್ನ ಗೋಡೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಬೇಕು. 3519 ಎಂದಿದ್ದರೆ ಅದು 2019ರ 35ನೇ ವಾರದಲ್ಲಿ ತಯಾರಾದದ್ದು. ಜೋಡಿಸಿದ ಮೇಲೆ ಎರಡೂ ಸೀಟುಗಳಲ್ಲಿ ಜನರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ನಿಧಾನವಾಗಿ ಒಂದು ಹಂಪು ದಾಟಿಸಿ, ಮಡ್‌ಗಾರ್ಡಿನ ಒಳಮೈಯಲ್ಲಾಗಲಿ ಬ್ರೇಕ್ ಹೋಸಿನ ಮೇಲಾಗಲಿ ಉಜ್ಜಿದ ಗುರುತು ಬಿದ್ದಿದೆಯೇ ಎಂದು ನೋಡಿದ ನಂತರವೇ ಅಲೈನ್‌ಮೆಂಟ್ ಮಾಡಿಸತಕ್ಕದ್ದು.