ಟರ್ಕಿಗೆ ಹೋದ್ರೂ ಉಪವಾಸ ಬೇಡ!

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ... ಊರಿಗೊಬ್ಬರಂತೆ ನಾವು ನಾಲ್ವರು ಕಾಲೇಜು ಗೆಳತಿಯರು ಟರ್ಕಿ ಟೂರ್ ಹೊರಟಿದ್ದೆವು. ಮೂವರು ನಾನ್‌ವೆಜ್ ತಿನ್ನೋರು. ಅರಕಲಗೂಡಿನವಳು ಮಾತ್ರ ಶುದ್ಧ ಸಸ್ಯಾಹಾರಿ. ಇಸ್ತಾಂಬುಲ್‌ನ ಮೊದಲ ರಾತ್ರಿ ನಾವು ಕಬಾಬ್ ತಿನ್ನುತ್ತಿದ್ದರೆ, ಆಕೆ 'ಹಸಿವಿಲ್ಲ ಕಣ್ರೇ' ಎಂದು ರೂಮಿಗೆ ಹೋಗಿ ಮನೆಯಿಂದ ತಂದ ಕೋಡುಬಳೆ ತಿಂದು ಮಲಗಿದ್ದಳು. ನೋಡಿ ನಮಗೆ ಕರುಳು ಚುರ್ ಎಂದಿತು.

ಮರುದಿನದಿಂದ ಎಲ್ಲರೂ ತಿನ್ನುವಂಥದ್ದನ್ನೇ ಹುಡುಕಿದೆವು. ಆಗಲೇ ಗೊತ್ತಾಗಿದ್ದು, ಟರ್ಕಿ ಎಂದರೆ ಬರೀ ಕಬಾಬ್ ಅಲ್ಲ! ಒರ್ತಾಕೊಯ್‌ನ 'ಕುಂಪಿರ್' ಎಂದರೆ ಸುಟ್ಟ ದೊಡ್ಡ ಆಲೂಗಡ್ಡೆ. ಬೆಣ್ಣೆ, ಚೀಸ್ ಬೆರೆಸಿ, ಮೇಲೆ ಜೋಳ, ಆಲಿವ್ ಹಾಕಿಕೊಡುತ್ತಾರೆ. ಆಲೂಗಡ್ಡೆ ಬೆಳೆಯೋ ಜಿಲ್ಲೆಯವರಿಗೆ ಇನ್ನೇನು ಬೇಕು ಹೇಳಿ? 'ಐರಾನ್' ನಮ್ಮ ಉಪ್ಪು ಮಜ್ಜಿಗೆಯೇ. 'ಇಮಾಮ್ ಬಾಯಿಲ್ದಿ' ಖಾರವಿಲ್ಲದ ಬದನೆಕಾಯಿ ಎಣ್ಣೆಗಾಯಿ. 'ಗೊಜ್ಲೆಮೆ' ಪಾಲಕ್ ಅಥವಾ ಚೀಸ್ ತುಂಬಿದ ತೆಳು ರೊಟ್ಟಿ.

ನೀವೂ ಹೊರಟಿದ್ದೀರಾ? ಹಾಗಿದ್ದರೆ ಇವು ನೆನಪಿರಲಿ:

* 'ಎತ್' ಎಂದರೆ ಮಾಂಸ, 'ತವುಕ್' ಕೋಳಿ, 'ಬಾಲಿಕ್' ಮೀನು, 'ಯೋಕ್' ಎಂದರೆ ಇಲ್ಲ. 'ಎತ್ ಯೋಕ್' ಎಂದಷ್ಟೇ ಹೇಳಿದರೆ ತಟ್ಟೆಗೆ ಕೋಳಿ ಬಂದೀತು! ಮೂರನ್ನೂ ಹೇಳಿ.
* 'ಮೆರ್ಜಿಮೆಕ್' ಬೇಳೆ ಸೂಪ್ ಬಲು ರುಚಿ. ಆದರೆ 'ಎತ್ ಸುಯು', ಅಂದರೆ ಮಾಂಸ ಬೇಯಿಸಿದ ನೀರು, ಹಾಕಿದ್ದಾರಾ ಎಂದು ಕೇಳಿ.
* 'ದೋಲ್ಮಾ'ದೊಳಗೆ ಕೆಲವೆಡೆ ಅನ್ನ, ಕೆಲವೆಡೆ ಖೀಮಾ ಇರುತ್ತದೆ. ಕುಂಪಿರ್‌ಗೆ ಸಾಸೇಜ್ ಬೇಡವೆಂದು ಮೊದಲೇ ಹೇಳಿಬಿಡಿ.
* ಚಟ್ನಿಪುಡಿ ಒಂದು ಪೊಟ್ಟಣ ಬ್ಯಾಗಲ್ಲಿರಲಿ.

ಹೋಟೆಲ್ ಆರಿಸುವಾಗ ಗುಂಪಿನ ಸಸ್ಯಾಹಾರಿಯನ್ನೇ ಮೊದಲು ಕೇಳಿ. 'ಅಡ್ಜಸ್ಟ್ ಮಾಡ್ಕೋತೀನಿ' ಎಂದರೂ ಬಿಡಬೇಡಿ. ನಮ್ಮ ಗೆಳತಿಯ ಕೋಡುಬಳೆ ಡಬ್ಬಿ ವಾಪಸ್ ಬರುವಾಗ ಅರ್ಧ ತುಂಬಿಯೇ ಇತ್ತು!