ನಿಮಗಿದು ಗೊತ್ತೇ? ಚಿನ್ನಕ್ಕೆ ನಾತವೆಂದರೆ ಪ್ರಾಣ!

ಚಿನ್ನ ಬಲು ಬಿಗುಮಾನದ ಲೋಹ. ಗಾಳಿಗೆ ಜಗ್ಗದು, ನೀರಿಗೆ ತುಕ್ಕು ಹಿಡಿಯದು. ಆದರೆ ಥಯೋಲ್ ಎಂಬ ಅಣುಗಳ ತುದಿಯಲ್ಲಿ ಗಂಧಕವಿದೆ ನೋಡಿ, ಅದು ಸಿಕ್ಕರೆ ಸಾಕು, ಗಪ್ಪನೆ ಹಿಡಿದುಕೊಳ್ಳುತ್ತದೆ!

ಥಯೋಲ್ ನಿಮಗೂ ಪರಿಚಯವೇ. ಅಡುಗೆ ಗ್ಯಾಸ್ ಸೋರಿದಾಗ ಮೂಗಿಗೆ ಬಡಿಯುವ ನಾತ ಗ್ಯಾಸಿನದ್ದಲ್ಲ, ಸೋರಿಕೆ ತಿಳಿಯಲೆಂದು ಬೆರೆಸಿದ ಥಯೋಲಿನದ್ದು! ಅಮೆರಿಕದ ಸ್ಕಂಕ್ ಪ್ರಾಣಿ ವೈರಿಯ ಮೇಲೆ ಚಿಮ್ಮಿಸುವುದೂ ಇದೇ ಜಾತಿಯ ಸರಕು.

ಒಂದು ಲೀಟರ್ ಎಥೆನಾಲ್‌ಗೆ ಚಿಟಿಕೆಯಷ್ಟು ಉದ್ದಬಾಲದ ಥಯೋಲ್ ಹಾಕಿ, ಚಿನ್ನ ಲೇಪಿಸಿದ ಚೂರೊಂದನ್ನು ಅದ್ದಿಡಿ. ಕೆಲಸ ಮುಗಿಯಿತು. ಕೆಲವೇ ನಿಮಿಷಗಳಲ್ಲಿ ಚಿನ್ನದ ಮೈಯೆಲ್ಲ ಅಣುಗಳು. ಮೊದಮೊದಲು ಅಡ್ಡಾದಿಡ್ಡಿ. ಒಂದು ರಾತ್ರಿ ಬಿಟ್ಟರೆ ತಾವೇ ಸರಿದಾಡಿ, ಒತ್ತೊತ್ತಾಗಿ ಸಾಲು ಹಿಡಿಯುತ್ತವೆ. ಜೋಡಿಸಿದವರು ಯಾರೂ ಇಲ್ಲ!

ನಿಲ್ಲುವುದಾದರೂ ನೆಟ್ಟಗೇ? ಇಲ್ಲ. ಗಾಳಿಗೆ ಬಾಗಿದ ಭತ್ತದ ಪೈರಿನ ಹಾಗೆ ಅಕ್ಕಪಕ್ಕದವೆಲ್ಲ ಒಂದೇ ಕಡೆಗೆ, ಸುಮಾರು 30 ಡಿಗ್ರಿ ವಾಲಿಕೊಂಡು! ಇನ್ನೂ ತಮಾಷೆಯೆಂದರೆ, ಇವೇ ಅಣುಗಳು ಬೆಳ್ಳಿಯ ಮೇಲೆ ಹೆಚ್ಚುಕಡಿಮೆ ನೆಟ್ಟಗಾಗಿಬಿಡುತ್ತವೆ. ಅಲ್ಲಿ ಅವು ಮತ್ತಷ್ಟು ಒತ್ತಾಗಿ ಊರಿಕೊಳ್ಳುತ್ತವೆ, ವಾಲಲು ಜಾಗವೆಲ್ಲಿ?

ಒಂದು ಚದರ ಸೆಂಟಿಮೀಟರ್ ಚಿನ್ನದ ಮೇಲೆ ಎಷ್ಟು ಅಣುಗಳಿರಬಹುದು, ಊಹಿಸಿ. ಸುಮಾರು ನಾಲ್ಕೂವರೆ ಕೋಟಿ ಕೋಟಿ. ಕೋಟಿ ಎರಡು ಸಲ ಬಂದದ್ದು ಅಚ್ಚಿನ ತಪ್ಪಲ್ಲ!

ಪದರದ ದಪ್ಪ? 2 ನ್ಯಾನೋಮೀಟರ್ ಆಸುಪಾಸು. ಇಂಥವು 40 ಸಾವಿರ ಪೇರಿಸಿದರೆ ಒಂದು ತಲೆಗೂದಲು!

ಅಷ್ಟು ತೆಳುವಾದದ್ದು ಏನು ಮಾಡೀತು ಅನ್ನಬೇಡಿ. ಅಣುವಿನ ಹೊರತುದಿಯಲ್ಲಿ ಮೀಥೈಲ್ ಗುಂಪಿದ್ದರೆ ನೀರಿನ ಹನಿ ಚಿನ್ನದ ಮೇಲೆ ಗುಂಡಗೆ ಕೂರುತ್ತದೆ. ಆ ತುದಿಗೆ ಹೈಡ್ರಾಕ್ಸಿಲ್ ಬಂದರೆ ಅದೇ ಹನಿ ಹರಡಿಕೊಂಡು ಚಪ್ಪಟೆ! ಚಿನ್ನ ಅದೇ, ನೀರೂ ಅದೇ. ಬದಲಾದದ್ದು ಅಣುವಿನ ತುದಿಯ ಎರಡು ಮೂರು ಪರಮಾಣು ಮಾತ್ರ.

ಗಂಧಕದ ಅಣುಗಳು ಚಿನ್ನದ ಮೇಲೆ ಹೀಗೆ ಸಾಲುಗಟ್ಟುವುದನ್ನು 1983ರಲ್ಲಿ ತೋರಿಸಿಕೊಟ್ಟವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ರಾಲ್ಫ್ ನುಝೊ ಮತ್ತು ಡೇವಿಡ್ ಅಲಾರ.

ಹತ್ತು ವರ್ಷ ಕಳೆಯಿತು. ಹಾರ್ವರ್ಡ್‌ನಲ್ಲಿ ಅಮಿತ್ ಕುಮಾರ್ ಮತ್ತು ಜಾರ್ಜ್ ವೈಟ್‌ಸೈಡ್ಸ್ ರಬ್ಬರ್ ಮೊಹರಿಗೆ ಥಯೋಲನ್ನೇ ಶಾಯಿಯಾಗಿ ಬಳಿದು ಚಿನ್ನದ ಮೇಲೆ ಒತ್ತಿದರು. ಹೌದು, ಮೊಹರು! ಆಮೇಲೆ ಚಿನ್ನ ಕರಗಿಸುವ ಸಯನೈಡ್ ದ್ರಾವಣಕ್ಕೆ ಹಾಕಿದರು. ಬರಿಮೈಯ ಚಿನ್ನವೆಲ್ಲ ಕರಗಿಹೋಯಿತು. ಶಾಯಿ ತಗುಲಿದ ಕಡೆ ಚಿನ್ನ ಹಾಗೇ ಉಳಿದು, ಒತ್ತಿದ ಚಿತ್ತಾರ ಎದ್ದು ಕಂಡಿತು. ಸಯನೈಡ್‌ಗೆ ಅಡ್ಡ ನಿಂತಿದ್ದು ಒಂದೇ ಒಂದು ಅಣುವಿನಷ್ಟು ದಪ್ಪದ ಪದರ!